ಗುರುವಾರದ ಕುದಿ

ನಮ್ಮ ಊರಿನಲ್ಲಿ ಒಬ್ಬರೇ ಇದ್ದಾಗ ನೀರು ಕುದಿಯುವುದಿಲ್ಲ. ಕಾಯುತ್ತದೆ, ಹಬೆಯಾಡುತ್ತದೆ, ಪಾತ್ರೆಯ ತಳದಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಮೂಡಿ ಅಲ್ಲೇ ಕೂತುಬಿಡುತ್ತವೆ. ಇನ್ನೊಬ್ಬರು ಬಂದು ಒಂದು ಮಾರಿನೊಳಗೆ ನಿಂತರೆ ಸಾಕು, ಕೊತಕೊತ ಎನ್ನತೊಡಗುತ್ತದೆ. ಬೆಕ್ಕು, ಗಿಳಿ ಲೆಕ್ಕಕ್ಕಿಲ್ಲ. ತೊಟ್ಟಿಲಲ್ಲಿ ಮಲಗಿದ ಮಗು ಲೆಕ್ಕಕ್ಕಿದೆ. ನಡುವೆ ಇಟ್ಟಿಗೆ ಗೋಡೆ ಬಂದರೆ ಕುದಿ ದಾಟುವುದಿಲ್ಲ. ಬಟ್ಟೆ, ಗಾಜು, ಮರ ಬಂದರೆ ದಾಟುತ್ತದೆ. ಇದನ್ನೆಲ್ಲ ನಾವು ಮಗ್ಗಿಯ ಜೊತೆಗೇ ಕಲಿತವರು. ಹೊರಗಿನಿಂದ ಬಂದವರು ಹೀಗೇಕೆ ಎಂದು ಕೇಳುತ್ತಾರೆ. ಅವರ ಊರಿನಲ್ಲಿ ಒಬ್ಬರಿಗೂ ಕುದಿಯುತ್ತದಂತೆ. ಅದು ಹಾಗೇಕೆ ಎಂದು ನಾವೂ ಕೇಳಬಹುದು, ಆದರೆ ಅತಿಥಿಗಳನ್ನು ಹಾಗೆಲ್ಲ ಕೇಳುವುದು ಸರಿಯಲ್ಲ.

ಹೀಗಾಗಿ ನಮ್ಮ ಬೀದಿಗಳಲ್ಲಿ ಬೆಳಗ್ಗೆ ಏಳರ ಹೊತ್ತಿಗೆ "ಒಂಚೂರು ಕುದಿಗೆ ಬರ್ತೀರಾ?" ಎಂಬ ಕೂಗು ಕೇಳುತ್ತಿರುತ್ತದೆ. ಗಂಡ ಊರಿಗೆ ಹೋದವಳು ಪಕ್ಕದ ಮನೆಯವಳನ್ನು ಕರೆಯುತ್ತಾಳೆ. ಅವಳು ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುತ್ತಾಳೆ, ಅನ್ನ ಬೇಯುವ ತನಕ ಊರಿನ ಸುದ್ದಿಯೆಲ್ಲ ಆಗುತ್ತದೆ. ಹಾಗೆ ಕರೆಯಲು ಮನಸ್ಸಿಲ್ಲದವರು ರೊಟ್ಟಿ ಸುಟ್ಟುಕೊಳ್ಳುತ್ತಾರೆ, ಇಲ್ಲವೇ ಅವಲಕ್ಕಿ ನೆನೆಹಾಕುತ್ತಾರೆ. ನಮ್ಮಲ್ಲಿ ಅವಲಕ್ಕಿಗೆ ಒಂಟಿಯೂಟ ಎಂದೇ ಹೆಸರು. ಅಂಗಡಿಯಲ್ಲಿ ಅರ್ಧ ಕೇಜಿ ಅವಲಕ್ಕಿ ಕೇಳಿದರೆ ಸಾಕು, ಕೊಡುವವನು ಮುಖ ನೋಡದೆ ಕಟ್ಟಿಕೊಡುತ್ತಾನೆ.

ಇಂಥ ಊರಿಗೆ ಎಲ್ಲಿಂದಲೋ ಒಬ್ಬ ಚೀನೀ ಅಜ್ಜ ಬಂದು, ಮೇಜಿನ ಮೇಲೆಯೇ ಒಲೆಯಿಟ್ಟು, ಬೋಗುಣಿಯಲ್ಲಿ ಸಾರು ಕುದಿಸಿ, ತಿನ್ನುವವರೇ ಅದರಲ್ಲಿ ಸೊಪ್ಪು, ಮೀನು, ಮಾಂಸ ಅದ್ದಿ ಬೇಯಿಸಿಕೊಳ್ಳುವ ಊಟವನ್ನು ತೋರಿಸಿಕೊಟ್ಟ. ಹಾಟ್‌ಪಾಟ್ ಎಂದು ಬೋರ್ಡಿನಲ್ಲಿ ಬರೆದಿರುತ್ತದೆ. ನಾವು ಕುದಿಯೂಟ ಎನ್ನುತ್ತೇವೆ. ಕಣ್ಣೆದುರಿಗೇ ಕುದಿಯುತ್ತಿರುವ ಒಂದು ಪಾತ್ರೆ, ಸುತ್ತ ನಮ್ಮವರು: ಊರು ಇದಕ್ಕೇ ಕಾದಿತ್ತೇನೋ ಎಂಬಂತೆ ಮರುಳಾಯಿತು. ಈಗ ಗಡಿಯಾರದ ಬೀದಿಯ ಎರಡೂ ಬದಿಗೆ ಇಂಥ ಅಂಗಡಿಗಳೇ. ಮೇಜುಗಳನ್ನು ಇಟ್ಟಿಗೆಯ ಗೂಡುಗಳಲ್ಲಿ ಹಾಕಿರುತ್ತಾರೆ, ಪಕ್ಕದ ಮೇಜಿನವರ ಕುದಿಯನ್ನು ಯಾರೂ ಬಳಸಿಕೊಳ್ಳದಿರಲಿ ಎಂದು. ಅಂಥವರಿಗೆ ಕುದಿಗಳ್ಳ ಎನ್ನುತ್ತಾರೆ. ನಮ್ಮಲ್ಲಿ ಅದು ಸಣ್ಣ ಬೈಗುಳವಲ್ಲ.

ಆ ಅಜ್ಜನ ಮೊಮ್ಮಗಳು ಚುಂಗಮ್ಮ. ನಿಜವಾದ ಹೆಸರು ಬೇರೆ ಇದೆ, ಚುಂಗ್ ಎನ್ನುವುದು ಮನೆತನದ್ದು; ಅಮ್ಮ ಎನ್ನುವುದನ್ನು ಸೇರಿಸಿದವರು ನಾವು. ಅವಳ ಅಂಗಡಿ ನಮ್ಮ ಅಂಗಡಿಯಿಂದ ನಾಲ್ಕನೆಯದು. ನಮ್ಮದು ಎಂದರೆ ನನ್ನದು ಮತ್ತು ಅಕ್ಕನದು: ಗುಂಡಿ, ಹುಕ್ಕು, ಜಿಪ್ಪು, ಲೈನಿಂಗ್ ಬಟ್ಟೆ, ಲೇಸು. ಮೂವತ್ತನಾಲ್ಕು ವರ್ಷ ಅಕ್ಕ ವಿಶಾಲಾಕ್ಷಿ ಗಲ್ಲಾಪೆಟ್ಟಿಗೆಯ ಹತ್ತಿರ, ಅಂಬುಜ ಎಂಬ ನಾನು ಗುಂಡಿಗಳ ಖಾನೆಗಳ ಹತ್ತಿರ. ಇಬ್ಬರೂ ಮದುವೆಯಾಗಲಿಲ್ಲ. ಏಕೆ ಎಂದು ಕೇಳುತ್ತಿದ್ದವರೆಲ್ಲ ಈಗ ಸುಸ್ತಾಗಿದ್ದಾರೆ. ನಾವು ಇಬ್ಬರಿದ್ದೆವು, ಅನ್ನ ಬೇಯುತ್ತಿತ್ತು, ಸಾಕಾಗಿತ್ತು.

ಗುರುವಾರ ಅಂಗಡಿಗೆ ರಜೆ. ಅಂದು ಮಧ್ಯಾಹ್ನ ನಾವು ಚುಂಗಮ್ಮನಲ್ಲಿಗೆ ಹೋಗುತ್ತಿದ್ದೆವು. ನಡುವೆ ಅಡ್ಡ ತಗಡಿರುವ ಬೋಗುಣಿ ತರಿಸುತ್ತಿದ್ದೆವು: ಅಕ್ಕನ ಕಡೆಗೆ ಮೆಣಸಿನೆಣ್ಣೆ ತೇಲುವ ಕೆಂಪು ಸಾರು, ನನ್ನ ಕಡೆಗೆ ಶುಂಠಿ ಹಾಕಿದ ತಿಳಿಸಾರು. ನಾನು ಒಂದೊಂದಾಗಿ ಹಾಕುವವಳು. ಮೊದಲು ಎಲೆಕೋಸು, ಅದು ಬೆಂದು ಸಾರಿಗೆ ಸಿಹಿ ಬಿಟ್ಟ ಮೇಲೆ ಅಣಬೆ, ಆಮೇಲೆ ತೋಫು, ಆಮೇಲೆ ಮೀನುಂಡೆ, ಕಡೆಗೆ ನೂಡಲ್ಸ್. ಅಕ್ಕನಿಗೆ ಅಷ್ಟೆಲ್ಲ ತಾಳ್ಮೆ ಇಲ್ಲ. ಇಡೀ ತಟ್ಟೆಯನ್ನು ಒಂದೇ ಸಲ ಬೋಗುಣಿಗೆ ಸುರಿಯುತ್ತಿದ್ದಳು. ಸಾರು ಚಿಮ್ಮಿ ಮೇಜೆಲ್ಲ ಕೆಂಪಾಗುತ್ತಿತ್ತು. "ಹೊಟ್ಟೆ ಒಳಗೆ ಸಾಲಾಗಿ ಕೂರಿಸ್ತೀಯೇನೇ ಅಂಬೂ?" ಎಂದು ನಗುತ್ತಿದ್ದಳು. ಆಮೇಲೆ ನನ್ನ ಕಡೆ ಬೆಂದು ತೇಲಿದ ಮೀನುಂಡೆಯನ್ನು ಜಾಲರಿ ಸೌಟಿನಲ್ಲಿ ಎತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಸಿಡುಕುತ್ತಿದ್ದೆ. ಈ ಜಗಳ ಪ್ರತಿ ಗುರುವಾರದ್ದು.

ಕಳೆದ ವರ್ಷ ಒಂದು ಗುರುವಾರ ಬೆಳಗ್ಗೆ ನಾನು ಚಿಪ್ಪಿನ ಗುಂಡಿಗಳನ್ನೂ ಪ್ಲಾಸ್ಟಿಕ್ ಗುಂಡಿಗಳನ್ನೂ ಬೇರೆ ಮಾಡಿ ಎರಡು ಡಬ್ಬಿಗಳಿಗೆ ತುಂಬಿಟ್ಟಿದ್ದೆ. ಎರಡು ದಿನದ ಕೆಲಸ. ಅಕ್ಕ ಏನೋ ಹುಡುಕಲು ಹೋಗಿ ಎರಡನ್ನೂ ಕೈಜಾರಿ ನೆಲಕ್ಕೆ ಬೀಳಿಸಿದಳು. ಬೀಳಿಸಿದ್ದು ದೊಡ್ಡದಲ್ಲ, ಬೀಳಿಸಿ ನಕ್ಕಳು. ಮಧ್ಯಾಹ್ನ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು "ನಡಿಯೇ, ಹೊಟ್ಟೆ ಹಸೀತಿದೆ" ಎಂದಾಗ ನಾನಿನ್ನೂ ನೆಲದ ಮೇಲೆ ಕೂತು ಗುಂಡಿ ಆರಿಸುತ್ತಿದ್ದೆ. ತಲೆ ಎತ್ತದೆ ಹೇಳಿದೆ: "ನಿನ್ನ ಎದುರಿಗೆ ಕೂತೂ ಕೂತೂ ಸಾಕಾಗಿದೆ. ಹೋಗು, ಒಬ್ಬಳೇ ಹೋಗಿ ಊಟ ಮಾಡು."

ಬೇರೆ ಊರಿನಲ್ಲಿ ಇದು ಏನೂ ಅಲ್ಲದ ಮಾತು. ನಮ್ಮಲ್ಲಿ ಇದನ್ನು ಕಟ್ಟಾ ವೈರಿಗೂ ಹೇಳುವುದಿಲ್ಲ. ಅಕ್ಕ ಮೆಟ್ಟಿದ್ದ ಚಪ್ಪಲಿಯನ್ನು ಬಿಚ್ಚಿ, ಒಳಗೆ ಹೋಗಿ, ಅವಲಕ್ಕಿ ನೆನೆಹಾಕಿಕೊಂಡು ತಿಂದಳು. ನಾನು ಅದೇ ಮನೆಯಲ್ಲಿ, ಹತ್ತು ಹೆಜ್ಜೆ ದೂರದಲ್ಲಿ ಇದ್ದೆ. ಶುಕ್ರವಾರ, ಶನಿವಾರ ನಾವು ದಾರದ ಬಗ್ಗೆ, ಹುಕ್ಕಿನ ಬಗ್ಗೆ ಮಾತಾಡಿದೆವು. ಆ ಮಾತಿನ ಬಗ್ಗೆ ಆಡಲಿಲ್ಲ. ಮುಂದಿನ ಗುರುವಾರ ಹೋದರೆ ತಾನೇ ಸರಿಹೋಗುತ್ತದೆ ಎಂದುಕೊಂಡಿದ್ದೆ. ಭಾನುವಾರ ಸಂಜೆ ಗಿರಾಕಿಯೊಬ್ಬರಿಗೆ ಲೇಸು ಅಳೆದುಕೊಡುತ್ತಿದ್ದ ಅಕ್ಕ ಹಾಗೇ ಗಲ್ಲಾಪೆಟ್ಟಿಗೆಯ ಮೇಲೆ ಬಾಗಿದಳು. ಡಾಕ್ಟರು ಬರುವ ಹೊತ್ತಿಗೆ ಮುಗಿದಿತ್ತು.

ತಿಥಿ ಮುಗಿದು ನೆಂಟರು ಹೋದ ಮೇಲೆ ಮೊದಲ ಬಾರಿಗೆ ಕಾಫಿಗೆ ನೀರಿಟ್ಟೆ. ಅರ್ಧ ಗಂಟೆ ನಿಂತೆ. ಪಕ್ಕದ ಮನೆಯವಳು ಕಿಟಕಿಯಿಂದಲೇ "ಕುದಿಗೆ ಬರ್ಲಾ ಅಂಬುಜಕ್ಕಾ?" ಎಂದು ಕೇಳಿದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ನಾನು ಬೇಡ ಎಂದೆ. ಬೇರೆಯವರು ನನ್ನ ಒಲೆಯ ಹತ್ತಿರ ನಿಂತರೆ ಅಕ್ಕನ ಜಾಗವನ್ನು ಬಿಟ್ಟುಕೊಟ್ಟ ಹಾಗೆ ಅನ್ನಿಸಿತು. ಇದು ದುಃಖವೋ ಸೊಕ್ಕೋ ನನಗೆ ಈಗಲೂ ಗೊತ್ತಿಲ್ಲ. ಬಿಸಿನೀರಿಗೆ ಕಾಫಿಪುಡಿ ಕಲಸಿ ಕುಡಿದೆ. ಅರ್ಧ ಕೇಜಿ ಅವಲಕ್ಕಿ ತಂದೆ.

ಎರಡು ತಿಂಗಳ ಮೇಲೆ ಒಂದು ಗುರುವಾರ ಚುಂಗಮ್ಮನಲ್ಲಿಗೆ ಹೋದೆ. ಅವಳು ನನ್ನ ಕೈ ಹಿಡಿದುಕೊಂಡು, "ಆ ಗೂಡಲ್ಲಿ ಟೀಚರುಗಳು ಮೂರು ಜನ ಇದಾರೆ, ಒಳ್ಳೆಯವರು. ಅವರ ಜೊತೆ ಕೂತ್ಕೊಳ್ಳಿ" ಎಂದಳು. ಒಲ್ಲೆನೆಂದೆ. ಒಬ್ಬಳೇ ಒಂದು ಗೂಡಿನಲ್ಲಿ ಕೂತು ಬೋಗುಣಿ ತರಿಸಿದೆ. ಅವಳು ತಟ್ಟೆ ಇಡಲು ಬಂದಾಗ ನಾಲ್ಕು ಗುಳ್ಳೆ ಎದ್ದವು, ಅವಳು ಹೋದೊಡನೆ ಅಡಗಿದವು. ಬೆಚ್ಚಗಿನ ಸಾರಿನಲ್ಲಿ ಅಣಬೆಯನ್ನು ಅದ್ದಿ ತಿಂದೆ. ಒಳಗೆಲ್ಲ ಹಸಿ. ಹೀಗೆ ಮೂರು ಗುರುವಾರ. ಮೂರು ಸಲವೂ ಅವಳು ಯಾರ ಜೊತೆಗಾದರೂ ಕೂರಿ ಎಂದಳು, ಮೂರು ಸಲವೂ ನಾನು ಬೇಡ ಎಂದೆ. ಆಮೇಲೆ ಒಂದು ವಾರ ಚುಂಗಮ್ಮ ರಿಪೇರಿ ಎಂದು ಬಾಗಿಲು ಹಾಕಿದ್ದಳು. ತೆರೆದ ಮೇಲೆ ಹೋದಾಗ, "ನಿಮಗೆ ಅಂತ ಕಡೇ ಗೂಡು ಇಟ್ಟಿರ್ತೀನಿ. ಸರಿಯಾಗಿ ಒಂದು ಗಂಟೆಗೆ ಬಂದ್ಬಿಡಿ" ಎಂದಳು. ಕಡೆಯ ಗೂಡು ನನಗೂ ಇಷ್ಟವೇ. ಮೂರು ಕಡೆ ಹಸಿರು ಗೋಡೆ, ಎದುರಿನ ಗೋಡೆಯ ಮೇಲೆ ಎರಡು ಮೀನುಗಳಿರುವ ಒಂದು ಹಳೆಯ ಕ್ಯಾಲೆಂಡರು. ಯಾರೂ ನೋಡುವುದಿಲ್ಲ.

ಅಂದು ಬೋಗುಣಿ ಕುದಿಯಿತು.

ಮೊದಲು ತಳದ ಗುಳ್ಳೆಗಳು ಅಲುಗಿದವು. ಚುಂಗಮ್ಮ ಹತ್ತಿರ ಇದ್ದಾಳೇನೋ ಎಂದು ತಿರುಗಿ ನೋಡಿದೆ, ಇರಲಿಲ್ಲ. ಆಮೇಲೆ ಕೆಂಪು ಸಾರು, ತಿಳಿಸಾರು ಎರಡೂ ಒಟ್ಟಿಗೆ ಕೊತಕೊತ ಎಂದವು. ತೀರಿಕೊಂಡವರು ಮನಸ್ಸು ಮಾಡಿ ಬಂದು ಕೂತರೆ ಒಬ್ಬರಿದ್ದರೂ ಕುದಿಯುತ್ತದೆ ಎಂದು ನಮ್ಮಲ್ಲಿ ಎಲ್ಲರೂ ಕೇಳಿದ್ದೇವೆ. ಎಲ್ಲರಿಗೂ ಅದನ್ನು ಕಂಡ ಒಬ್ಬ ದೊಡ್ಡಮ್ಮ ಇರುತ್ತಾಳೆ. ನಾನು ಕಂಡೆ. ಎದುರಿನ ಖಾಲಿ ಬೆಂಚನ್ನು ನೋಡಿ, "ಸಿಟ್ಟಿಲ್ವೇನೇ ಅಕ್ಕಾ?" ಎಂದೆ. ಸಾರು ಕುದಿಯುತ್ತಲೇ ಇತ್ತು. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಅತ್ತೆ. ಮೂರು ತಿಂಗಳಿಂದ ಅಳು ಬಂದಿರಲಿಲ್ಲ. ಚುಂಗಮ್ಮ ಸೊಪ್ಪಿನ ತಟ್ಟೆ ಹಿಡಿದು ಬಂದವಳು ಗೂಡಿನ ಬಾಯಲ್ಲೇ ನಿಂತಳು. ಏನೋ ಹೇಳಲು ಬಾಯಿ ತೆರೆದು, ಹೇಳದೆ ತಟ್ಟೆ ಇಟ್ಟು ಹೋದಳು.

ಆಮೇಲೆ ಎಂಟು ತಿಂಗಳು ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಎರಡು ಬಟ್ಟಲು, ಎರಡು ಜೊತೆ ಊಟದ ಕಡ್ಡಿ. ಅಕ್ಕನ ಬಟ್ಟಲಿಗೆ ನಾನೇ ಎಳ್ಳೆಣ್ಣೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಕಲಸಿಡುತ್ತಿದ್ದೆ. ವಾರದ ಸುದ್ದಿ ಹೇಳುತ್ತಿದ್ದೆ: ಯಾವ ದರ್ಜಿ ಯಾರ ರವಿಕೆ ಕೆಡಿಸಿದ, ಯಾವ ಮದುವೆಗೆ ಯಾವ ಲೇಸು ಹೋಯಿತು. ತಿನ್ನುವುದನ್ನೂ ಮರೆಯುತ್ತಿರಲಿಲ್ಲ, ಸುಳ್ಳು ಹೇಳಬಾರದು. ಅಣಬೆ ಬೆಂದು ಮೆತ್ತಗಾಗಿ ಬಾಯಲ್ಲಿ ಸಾರು ಬಿಡುವುದು, ತೆಳ್ಳಗೆ ಸೀಳಿದ ಮಾಂಸ ಎರಡು ಸಲ ಅದ್ದುವುದರೊಳಗೆ ಮುದುಡಿ ಬಣ್ಣ ಬದಲಿಸುವುದು, ಕಡೆಗೆ ಎಲ್ಲದರ ರುಚಿಯನ್ನೂ ಕುಡಿದು ನೂಡಲ್ಸ್ ಉಬ್ಬುವುದು. ಆರು ದಿನ ರೊಟ್ಟಿ, ಅವಲಕ್ಕಿ ತಿಂದ ನಾಲಿಗೆಗೆ ಅದು ಹಬ್ಬ. ಕೆಲವು ದಿನ ಕುದಿ ಹತ್ತು ನಿಮಿಷ ತಡ. ಅಕ್ಕ ಎಂದಾದರೂ ಹೊತ್ತಿಗೆ ಸರಿಯಾಗಿ ಹೊರಟವಳೇ? ಕೆಲವು ದಿನ ನನ್ನ ನೂಡಲ್ಸ್ ಬೇಯುವ ಮೊದಲೇ ಕುದಿ ನಿಂತುಬಿಡುತ್ತಿತ್ತು. ಹೊಟ್ಟೆ ತುಂಬಿದ ಕೂಡಲೇ ಎದ್ದು ಕೈತೊಳೆಯುವ ಅಭ್ಯಾಸ ಅವಳದು. ಎಲ್ಲವೂ ಹೊಂದುತ್ತಿತ್ತು. ನೋಡಲು ಹೊರಟರೆ ಎಲ್ಲವೂ ಹೊಂದುತ್ತದೆ.

ಬೀದಿಯವರಿಗೆ ಗೊತ್ತಾಯಿತು. ಯಾರೂ ಏನೂ ಕೇಳಲಿಲ್ಲ. ಒಂದು ಗಂಟೆಯ ಹೊತ್ತಿಗೆ ನಾನು ಬಂದರೆ ಪಕ್ಕದ ಗೂಡಿನವರು ದನಿ ತಗ್ಗಿಸುತ್ತಿದ್ದರು. ದೂರದ ಊರಿನ ಸೋದರಸೊಸೆ ಒಬ್ಬಳು, "ಒಬ್ಬರೇ ಯಾಕಿರ್ತೀರಿ, ನಮ್ಮಲ್ಲಿಗೆ ಬಂದ್ಬಿಡಿ ಚಿಕ್ಕತ್ತೆ" ಎಂದು ಬರೆದಳು. ಗುರುವಾರ ನನಗೆ ಇಲ್ಲಿ ಕೆಲಸವಿದೆ ಎಂದು ಉತ್ತರ ಬರೆದೆ. ನಾನಿಲ್ಲದಿದ್ದರೆ ಅಕ್ಕ ಬಂದು ಯಾರ ಎದುರಿಗೆ ಕೂರಬೇಕು? ಇನ್ನೊಮ್ಮೆ ಅವಳನ್ನು ಒಬ್ಬಳೇ ಊಟ ಮಾಡು ಎನ್ನುವುದು ನನ್ನಿಂದಾಗದು.

ಒಂಬತ್ತನೆಯ ತಿಂಗಳ ಮೊದಲ ಗುರುವಾರ ಬೋಗುಣಿ ಕುದಿಯಲಿಲ್ಲ.

ಹತ್ತು ನಿಮಿಷ ಕಾದೆ, ಅರ್ಧ ಗಂಟೆ ಕಾದೆ. ಉರಿ ದೊಡ್ಡದು ಮಾಡಿದೆ. ಎರಡು ಗಂಟೆಗೆ ಒಲೆ ಆರಿಸಿ ಎದ್ದೆ. ಚುಂಗಮ್ಮ, "ಈ ವಾರ ಗ್ಯಾಸ್ ಸರಿಯಿಲ್ಲ ಅಂಬುಜಮ್ಮ" ಎಂದಳು. ಬೇರೆ ಗೂಡುಗಳಲ್ಲಿ ಎಲ್ಲರ ಸಾರೂ ಉಕ್ಕುತ್ತಿತ್ತು. ಎರಡನೆಯ ಗುರುವಾರವೂ ಹಾಗೇ. ಅಂದು ಅಕ್ಕನಿಗೆಂದು ಎರಡು ತಟ್ಟೆ ಮೀನುಂಡೆ ತರಿಸಿ, "ನಾನು ಆಡಿದ್ದು ತಪ್ಪು. ಬಾಯಿತಪ್ಪಿ ಬಂತು ಅನ್ನಲ್ಲ, ಬೇಕಂತಲೇ ಆಡಿದೆ. ತಪ್ಪಾಯ್ತು, ಬಾರೇ" ಎಂದು ಬಾಯಿಬಿಟ್ಟು ಬೇಡಿಕೊಂಡೆ. ತಳದ ಗುಳ್ಳೆಗಳು ಕೂತಲ್ಲೇ ಕೂತಿದ್ದವು. ಆ ವಾರವೆಲ್ಲ ಅಂಗಡಿಯಲ್ಲಿ ನನ್ನ ಕೈ ಓಡಲಿಲ್ಲ. ಕರಿಗುಂಡಿ ಕೇಳಿದವರಿಗೆ ಕಂದು ಗುಂಡಿ ಕೊಟ್ಟೆ. ವರ್ಷವಾಗುತ್ತ ಬಂತು, ಅದಕ್ಕೇ ಅವಳಿಗೆ ಆ ಮಾತು ಮತ್ತೆ ನೆನಪಾಗಿ ಹೊರಟುಹೋದಳು ಎಂದುಕೊಂಡೆ.

ಮೂರನೆಯ ಗುರುವಾರ ನನಗೆ ಸಿಟ್ಟು ಬಂತು. ನನ್ನ ಸ್ವಭಾವವೇ ಅಂಥದು, ಅತ್ತು ಮುಗಿದ ಮೇಲೆ ಸಿಟ್ಟು ಬರುತ್ತದೆ. ಒಂದು ಮಾತಿಗೆ ಎಷ್ಟು ಸಲ ಸಾಯಿಸುತ್ತೀಯ ಎಂದು ಜಾಲರಿ ಸೌಟಿನಿಂದ ಎದುರಿನ ಗೋಡೆಗೆ, ಆ ಮೀನುಗಳ ಕ್ಯಾಲೆಂಡರಿನ ಕೆಳಗೆ, ಒಂದು ಬಾರಿಸಿದೆ.

ಮೂವತ್ತನಾಲ್ಕು ವರ್ಷ ಗುಂಡಿ ಮಾರಿದವಳು ನಾನು. ಚಿಪ್ಪೋ, ಪ್ಲಾಸ್ಟಿಕ್ಕೋ, ಮರವೋ, ಕೊಂಬೋ ಎಂದು ಕಣ್ಣು ಮುಚ್ಚಿ ಗಾಜಿನ ಮೇಲೆ ತಟ್ಟಿ ಹೇಳುತ್ತೇನೆ. ಆ ಗೋಡೆ ಇಟ್ಟಿಗೆಯ ಸದ್ದು ಮಾಡಲಿಲ್ಲ. ಇನ್ನೊಮ್ಮೆ ತಟ್ಟಿದೆ. ಹಲಗೆ. ತೆಳು ಮರದ ಹಲಗೆ, ಅದರ ಹಿಂದೆ ಖಾಲಿ.

ಎದ್ದು ಹೊರಗೆ ಬಂದು, ಬೀದಿಯ ಮೂಲೆ ಸುತ್ತಿ, ಹಿಂದಿನ ಗಲ್ಲಿಗೆ ಹೋದೆ. ಚುಂಗಮ್ಮನ ಅಂಗಡಿಗೆ ಆ ಕಡೆಯಿಂದಲೂ ಒಂದು ಬಾಗಿಲಿದೆ. ಗಲ್ಲಿಯ ಕೆಲಸಗಾರರು ಅಲ್ಲಿಂದ ಬಂದು ಹೋಗುತ್ತಾರೆ, ನಮ್ಮ ಕಡೆಯವರಿಗೆ ಆ ಕಡೆ ಕಾಣುವುದಿಲ್ಲ. ಬಾಗಿಲ ಪಕ್ಕದಲ್ಲೇ ಒಂದು ಗೂಡು. ಅದರ ಒಳಗೋಡೆಗೂ ಅದೇ ಹಸಿರು ಬಣ್ಣ. ಮೇಜಿನ ಮೇಲೆ ಒಂದು ಬೋಗುಣಿ ಕವುಚಿಟ್ಟಿತ್ತು, ಅದರ ಪಕ್ಕ ಎರಡು ಬಟ್ಟಲು. ಯಾರೂ ಇರಲಿಲ್ಲ.

ಚುಂಗಮ್ಮ ನನ್ನ ಹಿಂದೆಯೇ ಬಂದು ನಿಂತಿದ್ದಳು. ಕೈಯಲ್ಲಿ ಒದ್ದೆ ಬಟ್ಟೆ.

"ಅದು ಇಟ್ಟಿಗೆ ಅಲ್ಲ" ಎಂದೆ.

"ಅಲ್ಲ."

"ಯಾವಾಗಿಂದ?"

"ಅವಾಗ ಒಂದ್ ವಾರ ಬಾಗಿಲು ಹಾಕಿದ್ನಲ್ಲ, ಅವಾಗಿಂದ."

"ಇಲ್ಲಿ ಕೂರೋರು ಯಾರು?"

"ಶಾಂತವೀರಪ್ಪ ಅಂತ. ಗಲ್ಲೀಲಿ ಹಾರ್ಮೋನಿಯಂ ರಿಪೇರಿ ಮಾಡ್ತಾರೆ. ಅಟ್ಟದ ಏಣಿಯಿಂದ ಬಿದ್ದು ಕಾಲು ಮುರ್ಕೊಂಡಿದಾರೆ. ಮೂರು ವಾರ ಆಯ್ತು."

ಮೂರು ವಾರ. ಅವರ ಬೆಂಚಿನ ಮೇಲೆ ಕೂತೆ. "ನೀವು ನನ್ನನ್ನ ಒಂದು ಮಾತು ಕೇಳಬೇಕಿತ್ತು."

"ಕೇಳ್ದೆನಲ್ಲ ಅಂಬುಜಮ್ಮ! ಮೂರು ಸಲ ಕೇಳ್ದೆ, ಯಾರ ಜೊತೇಲಾದ್ರೂ ಕೂತ್ಕೊಳ್ಳಿ ಅಂತ. ಕೂತ್ರಾ? ಅವ್ರನ್ನೂ ಕೇಳ್ದೆ. ಅವ್ರೂ ನಿಮ್ ಥರಾನೇ. ಇಬ್ರೂ ನನ್ ಅಂಗಡಿಗೆ ಬಂದು ಹಸಿ ಅಣಬೆ ತಿಂದು ಹೋಗ್ತಿದ್ರಿ. ನಮ್ ತಾತ ಕಟ್ಟಿದ ಅಂಗಡಿ ಇದು. ನಂಗೆ ನೋಡಕ್ಕಾಗ್ಲಿಲ್ಲ."

"ನಾನು ಅಕ್ಕ ಬಂದಿದಾಳೆ ಅಂದ್ಕೊಂಡಿದ್ದೆ ಕಣ್ರೀ."

"ಹಾಗಂದ್ಕೋತೀರಿ ಅಂತ ನಂಗೆಲ್ಲಿ ಗೊತ್ತಿತ್ತು? ನೀವು ಊಟ ಮಾಡ್ತಾ ಇರುವಾಗ ಹೀಗೀಗೆ ಅಂತ ಮೆಲ್ಲಗೆ ಹೇಳೋಣ ಅಂತಿದ್ದೆ. ಬಂದು ನೋಡಿದ್ರೆ ನೀವು ಅಳ್ತಾ ಇದ್ರಿ, ಅಕ್ಕಾ ಅಂತ ಕರೀತಾ ಇದ್ರಿ. ಆಮೇಲೆ ಯಾವ ಬಾಯಲ್ಲಿ ಹೇಳ್ಲಿ?" ಒದ್ದೆ ಬಟ್ಟೆಯಿಂದ ಶುಭ್ರವಾಗಿದ್ದ ಮೇಜನ್ನೇ ಒರೆಸಿದಳು. "ಅವ್ರೂ ಹಾಗೇ ತಿಳ್ಕೊಂಡಿದಾರೆ. ತೀರ್ಕೊಂಡ ಅವ್ರ ಮನೆಯವ್ರು ನೀಲಮ್ಮ ಬರ್ತಾರೆ ಅಂತ. ಶಾಂತವೀರಪ್ಪನೋರು ಬರೋ ಗುರುವಾರದಿಂದ ಮತ್ತೆ ಬರ್ತೀನಿ ಅಂತ ಹೇಳಿಕಳ್ಸಿದಾರೆ."

ಮನೆಗೆ ಬಂದು ಮಲಗಿದೆ. ಎಂಟು ತಿಂಗಳು ನಾನು ದರ್ಜಿಗಳ ಸುದ್ದಿ ಹೇಳಿದ್ದು ಒಂದು ಹಲಗೆಗೆ. ನಾನು ತಿಂದದ್ದು ಗುರುತು ಪರಿಚಯವಿಲ್ಲದ ಒಬ್ಬ ಗಂಡಸಿನ ಕುದಿ. ನಾನು ಕುದಿಗಳ್ಳಿ. ಇದಕ್ಕೆಲ್ಲ ಅವಮಾನವಾಯಿತು, ಅದನ್ನು ಹೇಗಾದರೂ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ಬೇರೆ. ಅಕ್ಕ ಬಂದೇ ಇರಲಿಲ್ಲ. ಸಿಟ್ಟಿಲ್ಲ ಎಂದು ಹೇಳಿಯೇ ಇರಲಿಲ್ಲ. ಆ ಮಾತು ಆ ಮಧ್ಯಾಹ್ನ ನನ್ನ ಬಾಯಿಂದ ಹೊರಟಿತಲ್ಲ, ಅದು ಇನ್ನೂ ಹಾಗೇ ಇದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಇನ್ನು ಯಾರ ಹತ್ತಿರ ಹೋಗಲಿ? ಅಕ್ಕ ಸತ್ತ ದಿನ ಇಷ್ಟು ಒಂಟಿತನ ಅನ್ನಿಸಿರಲಿಲ್ಲ.

ವಾರದ ಕೊನೆಗೆ ಒಂದು ತೀರ್ಮಾನಕ್ಕೆ ಬಂದೆ: ಹೋಗಿ ಆ ಮನುಷ್ಯನಿಗೆ ಹೇಳಿಬಿಡುವುದು. ನಿಮ್ಮ ನೀಲಮ್ಮ ಬರುತ್ತಿಲ್ಲ, ಬರುತ್ತಿದ್ದವಳು ನಾನು ಎಂದು. ಸತ್ಯ ತಿಳಿದಿರುವುದು ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ನಾನೊಬ್ಬಳೇ ಯಾಕೆ ಕಳೆದುಕೊಳ್ಳಬೇಕು ಎಂಬ ಹೊಟ್ಟೆಕಿಚ್ಚೂ ಅದರಲ್ಲಿತ್ತು.

ಗುರುವಾರ ಒಂದೂಕಾಲಿಗೆ ಗಲ್ಲಿಯ ಬಾಗಿಲಿಗೆ ಹೋದೆ. ಹೊಸ್ತಿಲಲ್ಲಿ ನಿಂತರೆ ಗೂಡು ಕಾಣುತ್ತದೆ, ಮಾರಿನ ಲೆಕ್ಕಕ್ಕೆ ಬರುವಷ್ಟು ಹತ್ತಿರವಲ್ಲ. ಅರವತ್ತೈದು ದಾಟಿದ ತೆಳ್ಳಗಿನ ಮನುಷ್ಯ. ಬಲಗಾಲಿಗೆ ಪಟ್ಟಿ ಕಟ್ಟಿ ಒಂದು ಸ್ಟೂಲಿನ ಮೇಲೆ ಇಟ್ಟುಕೊಂಡಿದ್ದರು. ಅಂಗಿಗೆ ಇಸ್ತ್ರಿ ಮಾಡಿಸಿದ್ದರು. ಎರಡನೆಯ ಗುಂಡಿ ಬೇರೆ ಬಣ್ಣದ್ದು, ಅದು ನನ್ನ ಕಣ್ಣಿಗೆ ಬೀಳದೆ ಹೋಗುತ್ತದೆಯೇ. ಎದುರಿನ ಬಟ್ಟಲಲ್ಲಿ ಎಳ್ಳೆಣ್ಣೆ ಕಲಸಿಟ್ಟಿದ್ದರು. ಬೋಗುಣಿಯಿಂದ ಸುಮ್ಮನೆ ಹಬೆ ಏಳುತ್ತಿತ್ತು.

"ನೀಲಾ, ಬೇಕಂತ ತಪ್ಪಿಸ್ಲಿಲ್ಲ ಕಣೇ" ಎನ್ನುತ್ತಿದ್ದರು. ಮೆಲುದನಿ, ಆದರೆ ಅಂದು ಜನ ಕಡಿಮೆಯಿದ್ದರು, ಕೇಳಿಸಿತು. "ಕಾಲು ಮುರ್ಕೊಂಡಿದ್ದೆ. ನೋಡಿಲ್ಲಿ ಪಟ್ಟಿ. ನೀನು ಬಂದು ಕಾದೂ ಕಾದೂ ಎದ್ದು ಹೋದ್ಯೇನೋ. ಸಿಟ್ಟು ಮಾಡ್ಕೋಬೇಡ್ವೇ, ಬಾರೇ."

ಹೇಳಿಬಿಡಬೇಕು ಎಂದು ಎರಡು ಹೆಜ್ಜೆ ಮುಂದೆ ಬಂದೆ. ಅವರ ಬೋಗುಣಿಯಲ್ಲಿ ನಾಲ್ಕೈದು ಗುಳ್ಳೆಗಳು ಎದ್ದವು. ಅವರು ತಟ್ಟನೆ ತಲೆ ಎತ್ತಿದರು, ಮುಖವೆಲ್ಲ ಬೆಳಗಿತು; ನನ್ನನ್ನು ನೋಡಿ ಹಾಗೇ ಕಂದಿತು.

"ತಾಯೀ," ಎಂದರು, ಬಹಳ ಮರ್ಯಾದೆಯಿಂದ, "ತಪ್ಪು ತಿಳ್ಕೋಬೇಡಿ. ಒಂಚೂರು ಆಚೆ ನಿಂತ್ಕೋತೀರಾ? ನಮ್ಮನೆಯವ್ರು ಬರೋರಿದಾರೆ. ನೀವು ಹತ್ರ ಇದ್ರೆ ಅವ್ರು ಬಂದ್ರೋ ಇಲ್ವೋ ಗೊತ್ತಾಗಲ್ಲ."

ನಾನು ಹಿಂದೆ ಸರಿದೆ. ಗುಳ್ಳೆಗಳು ಅಡಗಿದವು. ಅವರು ಅದನ್ನೇ ನೋಡುತ್ತ ಕೂತರು. ಆ ನೋಟವನ್ನು ನಾನು ಬಲ್ಲೆ, ಮೂರು ಗುರುವಾರ ಅದು ನನ್ನ ಮುಖದ ಮೇಲಿತ್ತು. ಒಂದು ಸಲ ಒಬ್ಬರಿಗೆ ಒಂಟಿಯಾಗಿ ಊಟ ಮಾಡು ಎಂದು ಹೇಳಿದ ಬಾಯಿ ಇದು. ಅದರಿಂದ ಎರಡನೆಯ ಸಲ ಆ ಮಾತು ಬರಲಿಲ್ಲ.

ಗಲ್ಲಿಗೆ ಇಳಿದು ನಡೆಯತೊಡಗಿದೆ, ಆಮೇಲೆ ಓಡತೊಡಗಿದೆ. ಅವರು ಒಲೆ ಆರಿಸಿ ಎದ್ದುಬಿಟ್ಟರೆ? ಐವತ್ತೊಂಬತ್ತು ವರ್ಷದ ಹೆಂಗಸು, ಗುಂಡಿ ಅಂಗಡಿಯ ಅಂಬುಜಮ್ಮ, ಸೀರೆಯ ನೆರಿಗೆ ಎತ್ತಿ ಹಿಡಿದು ಹಾಡುಹಗಲಲ್ಲಿ ಗಲ್ಲಿಯ ಮೂಲೆ ಸುತ್ತಿ ಓಡುವುದನ್ನು ಊರೆಲ್ಲ ನೋಡಿತು. ಬೆಂಕಿ ಬಿದ್ದಿದೆಯೇ ಎಂದು ಒಬ್ಬರು ಕೂಗಿ ಕೇಳಿದರು. ಬೀದಿಯ ಬಾಗಿಲಿನಿಂದ ನುಗ್ಗಿದಾಗ ಚುಂಗಮ್ಮ ದಾರಿ ಬಿಟ್ಟಳು. ಕಡೆಯ ಗೂಡಿನಲ್ಲಿ ನನ್ನ ಬೋಗುಣಿ ಇಟ್ಟೇ ಇದ್ದಳು, ಎಲ್ಲ ತಟ್ಟೆಗಳನ್ನೂ ಜೋಡಿಸಿದ್ದಳು. ಏದುಸಿರು ಬಿಡುತ್ತ, ಈವರೆಗೆ ಕೂತಿದ್ದ ಕಡೆ ಕೂರದೆ, ಎದುರಿನ ಬೆಂಚಿನ ಮೇಲೆ, ಅಕ್ಕನ ಜಾಗದಲ್ಲಿ, ಹಲಗೆಗೆ ಬೆನ್ನು ತಾಗಿಸಿ ಕೂತೆ.

ಸಾಸಿವೆಯಷ್ಟಿದ್ದ ಗುಳ್ಳೆಗಳು ಅಲುಗಿದವು, ದೊಡ್ಡವಾದವು, ಮೇಲೆ ಬಂದವು. ಹಲಗೆಯ ಆಚೆ ಬಟ್ಟಲೊಂದು ಮೇಜಿಗೆ ಬಡಿದ ಸದ್ದಾಯಿತು.

"ಬಂದ್ಯಾ" ಎಂದರು ಅವರು; ಕಿವಿ ಹಲಗೆಗೆ ಹತ್ತಿರವಿದ್ದುದರಿಂದ ಈಗ ಕೇಳಿಸಿತು. ಮೂಗು ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಸಿಟ್ಟಿಲ್ಲ ತಾನೆ?"

ಎಂಟು ತಿಂಗಳು ಇದೇ ಬೆಂಚನ್ನು ನೋಡಿ ನಾನು ಕೇಳಿದ್ದು ಇದನ್ನೇ. ಈ ಬೆಂಚಿನಿಂದ ಯಾರೂ ಉತ್ತರ ಕೊಟ್ಟಿರಲಿಲ್ಲ ಎಂದು ಈಗ ನನಗೆ ಗೊತ್ತಿದೆ. ನನಗೆ ಇನ್ನು ಯಾರೂ ಕೊಡುವುದೂ ಇಲ್ಲ.

"ಇಲ್ಲ" ಎಂದೆ. "ಸಿಟ್ಟಿಲ್ಲ."

ಎರಡು ಬೋಗುಣಿಗಳ ಕುದಿಯಲ್ಲಿ ಅದು ಆಚೆಗೆ ಕೇಳಿಸಿರಲಾರದು. ಕೇಳಿಸಲೆಂದು ಹೇಳಿದ್ದೂ ಅಲ್ಲ. ಮುಂದೆ ಎಲೆಕೋಸು, ಅಣಬೆ, ತೋಫು, ಮೀನುಂಡೆ ಎಲ್ಲ ಸಾಲಾಗಿ ಕಾದಿದ್ದವು. ಒಂದೊಂದೇ ತಟ್ಟೆಯನ್ನು ಎತ್ತಿ ಎಲ್ಲವನ್ನೂ ಒಂದೇ ಸಲ ಕೆಂಪು ಸಾರಿಗೆ ಸುರಿದೆ. ಅದು ಚಿಮ್ಮಿ ಮೇಜೆಲ್ಲ ಕೆಂಪಾಯಿತು.